ಸೂರು ಮುಟ್ಟದ ಗೋಡೆ

ವಾಸ್ತುಶಿಲ್ಪಿಯಾದ ತಮ್ಮ ತನ್ನ ಉಪನ್ಯಾಸಕ್ಕೆ ಕರೆದಾಗಲೆಲ್ಲ ಅಕ್ಕನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬೀಳುತ್ತಿತ್ತು. ಬೀಳದಿದ್ದರೆ ಅವಳೇ ಹಾಕಿಸಿಕೊಳ್ಳುತ್ತಿದ್ದಳು. ನರ್ಸ್ ಕೆಲಸದ ಅನುಕೂಲಗಳಲ್ಲಿ ಇದೂ ಒಂದು. ಈ ಸಲ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಉಪನ್ಯಾಸ ಇದ್ದದ್ದೇ ಅವಳ ಮನೆಯ ಬಗ್ಗೆ.

ಆ ಮನೆಯ ನಕ್ಷೆ ತಮ್ಮನದೇ. ಅಲ್ಲಿ ಒಳಗಿನ ಒಂದು ಗೋಡೆಯೂ ಸೂರು ಮುಟ್ಟುತ್ತಿರಲಿಲ್ಲ. ಆಳೆತ್ತರಕ್ಕೆ ಎದ್ದು ಅಲ್ಲಿಗೇ ನಿಂತುಬಿಟ್ಟಿದ್ದವು. ಗಾಳಿ ಬೆಳಕು ಮನೆಯಿಡೀ ಓಡಾಡಿಕೊಂಡಿರಲಿ ಎಂಬುದು ಅವನ ಆಸೆ. ಅವು ಓಡಾಡಿಕೊಂಡೇ ಇದ್ದವು. ಅವುಗಳ ಹಿಂದೆಯೇ ಅತ್ತೆಯ ಕೆಮ್ಮು, ಗಂಡ ಬಾಯಿ ಮುಕ್ಕಳಿಸುವ ಸದ್ದು, ಕಾಲೇಜಿಗೆ ಹೋಗುವ ಮಗಳ ಫೋನಿನ ಪಿಸುಮಾತು ಕೂಡ ಓಡಾಡುತ್ತಿದ್ದವು. ತಮ್ಮ ಬರುತ್ತಿದ್ದದ್ದು ಫೋಟೋಗ್ರಾಫರ್ ಜೊತೆ. ಒಣಗಲು ಹಾಕಿದ ಬಟ್ಟೆ ತೆಗೆಸಿ, ಅತ್ತೆಯನ್ನು ಪಕ್ಕದ ಮನೆಯಲ್ಲಿ ಕೂರಿಸಿ, ಉಳಿದವರನ್ನು ಹೊರಗೆ ನಿಲ್ಲಿಸಿ, ಚಿತ್ರ ತೆಗೆಸಿಕೊಂಡು ಹೋಗುತ್ತಿದ್ದ. ಹಾಗಾಗಿ ಅವನಿಗೆ ಕೆಮ್ಮು ಕೇಳಿಸಿರಲಿಲ್ಲ. ಅವನ ಮನಸ್ಸು ನೋಯಬಾರದೆಂದು ಅಕ್ಕನೂ ಬಾಯಿ ಬಿಟ್ಟಿರಲಿಲ್ಲ.

ಸಭಾಂಗಣ ತುಂಬಿತ್ತು. ಪರದೆಯ ಮೇಲೆ ತನ್ನ ಅಡುಗೆಮನೆ ಅಷ್ಟು ದೊಡ್ಡದಾಗಿ, ಅಷ್ಟು ಖಾಲಿಯಾಗಿ ಕಂಡಾಗ ಅಕ್ಕನಿಗೆ ಗುರುತೇ ಹತ್ತಲಿಲ್ಲ. ತಮ್ಮ ಚೆನ್ನಾಗಿಯೇ ಮಾತಾಡಿದ. ಗೋಡೆಗಳು ಅಡ್ಡ ಬರದ ಕಡೆ ಮನಸ್ಸುಗಳೂ ಅಡ್ಡ ಬರುವುದಿಲ್ಲ, ಈ ಮನೆಯಲ್ಲಿ ಗಂಡ ಹೆಂಡತಿ ಇವತ್ತಿನವರೆಗೆ ಜಗಳವಾಡಿಲ್ಲ ಎಂದ. ಬೇಕಾದರೆ ನಮ್ಮಕ್ಕ ಇಲ್ಲೇ ಇದ್ದಾಳೆ, ಕೇಳಿ ಎಂದೂ ಸೇರಿಸಿದ. ಮೈಕು ಸಾಲು ದಾಟಿ ಅಕ್ಕನ ಕೈಗೆ ಬಂತು. ಪಕ್ಕದಲ್ಲಿದ್ದ ಗಂಡ ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದ.

ಅಕ್ಕ ಎದ್ದು ನಿಂತಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಮನೇಲಿ ಜಗಳ ಆಡಿಲ್ಲ, ನಿಜ. ಬಸ್ ಸ್ಟಾಪಿಗೆ ಹೋಗಿ ಆಡ್ತೀವಿ. ಅಲ್ಲಾದ್ರೆ ನಮ್ಮತ್ತೆಗೆ ಕೇಳ್ಸಲ್ಲ."

ಸಭೆ ನಕ್ಕಿತು. ಅಧ್ಯಕ್ಷತೆ ವಹಿಸಿದ್ದ ಪ್ರೊಫೆಸರ್ ನಗಲಿಲ್ಲ. ಮನೆಯೊಂದು ತನ್ನ ನಿವಾಸಿಗಳನ್ನು ಸಾರ್ವಜನಿಕ ಬದುಕಿಗೆ ಹೀಗೆ ಕೈಹಿಡಿದು ಕರೆದೊಯ್ಯುವುದು ಅಪರೂಪ ಎಂದರು. ಚರ್ಚೆ ಅಲ್ಲಿಂದ ಬಸ್ ಸ್ಟಾಪಿನತ್ತ ತಿರುಗಿತು. ಅಲ್ಲಿನ ಆಸನ ಹೇಗಿದೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಬೆಂಚು ರಸ್ತೆಯ ಕಡೆಗಿರುವುದರಿಂದ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಅದರಿಂದ ತುಂಬ ಅನುಕೂಲ ಎಂದು ಲೇಸು ಕಟ್ಟಿ ಮುಗಿಸಿದ್ದ ಗಂಡ ತಿಳಿಸಿದ. ಹಲವರು ಅದನ್ನು ಬರೆದುಕೊಂಡರು.

ತಮ್ಮನ ಮುಖ ಮಾತ್ರ ಸಪ್ಪಗಾಗಿತ್ತು. ಕಾರ್ಯಕ್ರಮ ಮುಗಿದ ಮೇಲೆ ಚಹಾದ ಮೇಜಿನ ಹತ್ತಿರ ಅಕ್ಕನನ್ನು ಹಿಡಿದ.

"ನಂಗ್ಯಾಕೆ ಹೇಳ್ಲಿಲ್ಲ ಅಕ್ಕ?"

"ಬಂದಾಗೆಲ್ಲ ನಮ್ಮನ್ನ ಆಚೆ ಕಳಿಸ್ತಿದ್ಯಲ್ಲೋ. ಯಾವಾಗ ಹೇಳ್ಲಿ?"

ಅಂದಿದ್ದು ಹೆಚ್ಚಾಯಿತೇನೋ ಎಂದು ಅಕ್ಕನಿಗೆ ಮನೆ ಸೇರುವವರೆಗೂ ಕಸಿವಿಸಿ.

ಮುಂದಿನ ಭಾನುವಾರ ತಮ್ಮ ಒಬ್ಬನೇ ಬಂದ. ಹಾಲ್‌ನಲ್ಲಿ ಸುಮ್ಮನೆ ಕೂತ. ಒಳಗಿನ ಕೋಣೆಯಲ್ಲಿ ಅಕ್ಕನ ಮಗಳು ಗೆಳತಿಗೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು: ಮಾಮ ಬಂದಿದ್ದಾರೆ, ಏನೂ ಮಾಡ್ತಿಲ್ಲ, ಪಾಪ ಅನ್ಸುತ್ತೆ. ಪಾಪ ಏನಿಲ್ಲ, ಈಗ ಬುದ್ಧಿ ಬಂದಿದೆ ಅಷ್ಟೇ ಎಂದು ಇನ್ನೊಂದು ಕೋಣೆಯಿಂದ ಅತ್ತೆ ತಿದ್ದಿದರು. ಒಂದಕ್ಷರವೂ ಬಿಡದೆ ಎಲ್ಲವೂ ಅವನ ಕಿವಿಗೆ ಬಿತ್ತು. ಅವನು ಎದ್ದು, ಚೀಲದಿಂದ ಟೇಪು ತೆಗೆದು, ಏಣಿ ಎಲ್ಲಿದೆ ಎಂದು ಭಾವನನ್ನು ಕೇಳಿದ.

ಗೋಡೆಗಳ ಮೇಲಿನಿಂದ ಸೂರಿನವರೆಗೆ ದಪ್ಪ ಗಾಜು ಕೂರಿಸಿದರು. ಬೆಳಕು ಮೊದಲಿನಂತೆಯೇ ಓಡಾಡಿಕೊಂಡಿತು. ಉಳಿದದ್ದೆಲ್ಲ ಅವರವರ ಕೋಣೆಯಲ್ಲಿ ಉಳಿಯಿತು, ಹೆಚ್ಚುಕಡಿಮೆ.

ಕೆಲಸದವರು ಹೋದ ಮರುದಿನ ಮಗಳು ಬಾಗಿಲು ಹಾಕಿಕೊಂಡು ಹಾಡತೊಡಗಿದಳು. ಅವಳಿಗೆ ಹಾಡುವ ಆಸೆಯಿದೆಯೆಂದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದನಿ ಗಾಜಿನಾಚೆಯಿಂದ ಮಂದವಾಗಿ ಬರುತ್ತಿತ್ತು. ಶ್ರುತಿ ಒಂದು ಕಡೆ, ಅವಳೊಂದು ಕಡೆ. ಅಕ್ಕ ಯೂನಿಫಾರಂ ಇಸ್ತ್ರಿ ಮಾಡುವುದನ್ನು ನಿಲ್ಲಿಸಿ, ಏನೂ ಕೇಳಿಸದವಳಂತೆ ಅಲ್ಲೇ ನಿಂತು, ಕೊನೆಯವರೆಗೂ ಕೇಳಿದಳು.