ಬಾತುಕೋಳಿಯ ಸಿನೆಮಾ

ಮೇಲಿನ ಕೋಣೆಯ ಗೋಡೆಗೆ ಸಿನೆಮಾ ಪರದೆ ಹೊಡೆದ ದಿನದಿಂದ ಜಯಮಾಲಾಳಿಗೆ ಒಂದೇ ಚಿಂತೆ: ಆ ಪರದೆಯ ಮೇಲೆ ಮಗಳು ತನ್ನನ್ನು ನೋಡಬಾರದು.

ಬಸವಕಲ್ಯಾಣದ ಆ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಹೆದ್ದಾರಿ ಬದಿಯ ಟೈಲ್ಸ್ ಅಂಗಡಿಯನ್ನು ಅಣ್ಣತಮ್ಮಂದಿರು ನಡೆಸುತ್ತಿದ್ದರು. ಅಣ್ಣ ಗುರುಶಾಂತ, ಜಯಮಾಲಾಳ ಗಂಡ. ಮನೆಯಲ್ಲಿ ಅವನ ದನಿ ಕೇಳುವುದು ಉಪ್ಪು ಕೇಳುವಾಗ ಮಾತ್ರ. ತಮ್ಮ ಶರಣಕುಮಾರನಿಗೆ ಇನ್ನೂ ಲಗ್ನವಾಗಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ವಿಡಿಯೋ ಕತ್ತರಿಸಿ ಜೋಡಿಸುವುದೇ ಅವನ ಹುಚ್ಚು. ಗೆಳೆಯರ ಲಗ್ನಕ್ಕೆ ಹಾಡು ಹಚ್ಚಿ, ಮದುಮಗನ ತಲೆಯ ಮೇಲೆ ಗೊಂಬೆ ಕುಣಿಸಿ ಕೊಡುತ್ತಿದ್ದ. ಇಡೀ ಬಳಗದಲ್ಲಿ ಅವನು ಹೆಸರಾದದ್ದು ಮಾತ್ರ ತನ್ನ ಅತ್ತಿಗೆಯ ವಿಡಿಯೋದಿಂದ.

ಅದು ಲಗ್ನದ ಸಂಜೆ, ಮನೆ ತುಂಬಿಸಿಕೊಳ್ಳುವಾಗಿನದು. ಹುಮನಾಬಾದದಿಂದ ಬಂದ ಗಾಡಿ ಬಾಗಿಲ ಮುಂದೆ ನಿಂತಾಗ ಹೆಂಗಸರೆಲ್ಲ ಹೊಸ್ತಿಲಿಗೆ ಅಡ್ಡ ನಿಂತಿದ್ದರು. ಗಂಡನ ಹೆಸರು ಸೇರಿಸಿ ಒಡಪು ಹೇಳದ ಹೊರತು ಒಳಗೆ ಬಿಡುವ ಪದ್ಧತಿಯಿಲ್ಲ. ಕನ್ನಡ ಎಂ.ಎ. ಓದಿದ ಜಯಮಾಲಾ ತಾನೇ ಒಂದು ಒಡಪು ಕಟ್ಟಿಕೊಂಡು ಬಂದಿದ್ದಳು. ಮೊದಲ ಸಾಲು ಹೇಳುತ್ತಿದ್ದಂತೆ ‘ಕೇಳಸಲಿಲ್ಲ!’ ಎಂದು ಕೂಗಿದರು. ಮತ್ತೆ ಹೇಳಿದಳು. ‘ಇನ್ನೂ ಜೋರ!’ ಎಂದರು. ಬೆಳಗಿನಿಂದ ಸುತ್ತ ಜನವೇ ಜನ, ಮೈತುಂಬ ಸೀರೆ, ಒಡವೆ. ಬಚ್ಚಲಿಗೆ ಹೋಗಿಬರುತ್ತೇನೆಂದು ಕೇಳಲು ಆಗಿರಲೇ ಇಲ್ಲ. ಕೊನೆಗೆ ತಡೆಯಲಾರದೆ ಅತ್ತೆ ಮೀರಾಬಾಯಿಯ ಕಿವಿಯಲ್ಲಿ ಹೇಳಿದಳು. ಮೀರಾಬಾಯಿ ಅದನ್ನು ಎಲ್ಲರಿಗೂ ಕೇಳುವಂತೆ ಸಾರಿದಳು: ‘ಅವಸರ ಆಗ್ಯದಂತ ನೋಡ್ರೆವಾ! ಮೊದಲ ಹೆಸರ ಹೇಳು, ಆಮ್ಯಾಲ ಬಚ್ಚಲ.’

ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಸೊಸೆ ಅದನ್ನು ಒದೆಯುವುದನ್ನು ಹಿಡಿಯಲು ಕ್ಯಾಮೆರಾದವನು ಮೊದಲೇ ಕೆಳಗೆ ಬಾಗಿ ಅವಳ ಪಾದಕ್ಕೆ ಗುರಿಯಿಟ್ಟು ನಿಂತಿದ್ದ. ಹೀಗಾಗಿ ಸೀರೆಯ ನಿರಿಗೆ ಕಪ್ಪಾದದ್ದು, ಕಲ್ಲಿನ ಮೇಲೆ ನೀರು ಹರಿದು ಸೇರಿನ ಬುಡಕ್ಕೆ ಹೋದದ್ದು, ಎಲ್ಲವೂ ಚೆನ್ನಾಗಿ ಬಂದಿತ್ತು. ಒಡಪಿನ ಎರಡನೆಯ ಸಾಲು ಅವಳ ಬಾಯಲ್ಲೇ ಉಳಿಯಿತು.

ಆ ತುಣುಕನ್ನು ಶರಣಕುಮಾರ ಫೋಟೋದವನಿಂದ ಕೇಳಿ ಪಡೆದು, ಕಾರ್ಟೂನು ಸೇರಿಸಿ ಸಿನೆಮಾ ಮಾಡಿದ. ಬಳಗ ಕೂಡಿದಾಗಲೆಲ್ಲ ಊಟವಾದ ಮೇಲೆ ಅದು ಬೇಕೇ ಬೇಕು. ಅದು ಶುರುವಾಗುವ ಹೊತ್ತಿಗೆ ಜಯಮಾಲಾ ಅಡಿಗೆಮನೆಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಅದರಲ್ಲಿ ಅವನು ಏನೇನು ಸೇರಿಸಿದ್ದಾನೆಂದು ಇವತ್ತಿಗೂ ನೋಡಿರಲಿಲ್ಲ. ‘ನಗಚಾಟಕಿ ಅದ, ಮನಸಿಗ್ಯಾಕ ಹಚ್ಕೋತಿ’ ಎಂದು ಗಂಡ ಒಮ್ಮೆ ಅಂದಿದ್ದ. ಅದಾದ ಮೇಲೆ ಅವಳು ಅವನೆದುರು ಆ ಮಾತೆತ್ತಲಿಲ್ಲ.

ಆದರೆ ಈಗ ಐಶ್ವರ್ಯ ದೊಡ್ಡವಳಾಗುತ್ತಿದ್ದಳು. ಶಿಶುವಿಹಾರಕ್ಕೆ ಹೋಗುವ ಹುಡುಗಿ. ಕಂಡದ್ದಕ್ಕೆಲ್ಲ ‘ಇದು ಯಾಕ?’ ಎಂದು ಕೇಳುವ ವಯಸ್ಸು. ಇಷ್ಟು ದಿನ ಮಗುವನ್ನು ಮೊದಲೇ ಮಲಗಿಸಿ ಕಾಪಾಡಿಕೊಂಡಿದ್ದಳು. ಗೋಡೆಯಷ್ಟು ಅಗಲದ ಪರದೆಯಿಂದ ಹೇಗೆ ಕಾಪಾಡುವುದು?

ಊಟದ ಹೊತ್ತಿನಲ್ಲಿ ಶರಣಕುಮಾರನೇ ಅತ್ತಿಗೆಯತ್ತ ತಿರುಗಿ ಮಾತು ತೆಗೆದ.

“ವೈನಿ, ಮ್ಯಾಲಿನ ಖೋಲಿ ತಯಾರ್ ಆತ್ರಿ. ಹಾರ್ಡ್ ಡಿಸ್ಕ್ ಖಾಲಿ ಅದ. ಮನ್ಯಾಗ ಎಂ.ಎ. ಅಂದ್ರ ನೀವೊಬ್ಬರೇ. ಯಾವ್ಯಾವ ಸಿನೆಮಾ ಇರ್ಬೇಕು, ನೀವೇ ಆರಿಸಿ ಹೇಳ್ರಿ. ಕಾರ್ಟೂನ್ ಮತ್ತ ಕಾಮೆಡಿ, ಎರಡೇ. ಅಳೂ ಸಿನೆಮಾ ನಕೋ.”

“ಅಳಾಕ ಸೀರಿಯಲ್ ಅದಾವಲ್ಲ,” ಎಂದಳು ಮೀರಾಬಾಯಿ.

ಜಯಮಾಲಾ ರೊಟ್ಟಿ ಬುಟ್ಟಿಯನ್ನು ಕೆಳಗಿಟ್ಟಳು. ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿ, ಮುಳ್ಳಿಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದಳು. “ಆರಿಸ್ತೀನ್ರಿ. ಆದ್ರ ನಾ ಹೇಳಿದ ಸಿನೆಮಾಕ್ಕ ಎಲ್ಲಾರೂ ಹೊಟ್ಟಿ ಹಿಡ್ಕೊಂಡು ನಕ್ರ, ನನ್ನ ಆ ವಿಡಿಯೋ ಅಳಿಸಿಬಿಡಬೇಕ್ರಿ.”

ಗುರುಶಾಂತ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಶರಣಕುಮಾರ ಕೈ ತಟ್ಟಿದ. “ಶರ್ತು! ವೈನಿ ಶರ್ತು ಕಟ್ಟಾಕತ್ತಾರ! ಆಯ್ತ್ರಿ. ಐತವಾರ ಹುಮನಾಬಾದದ ದೊಡ್ಡವ್ವ ಬರ್ತಾಳ. ಆಕೀನ ನಗಸ್ರಿ. ದೊಡ್ಡವ್ವ ನಕ್ಕಳಂದ್ರ ಎಲ್ಲಾರ ಮುಂದ ಅಳಸ್ತೀನಿ. ಅಪ್ಪನ ಆಣಿ.”

ದೊಡ್ಡವ್ವ ಅಂದರೆ ಮೀರಾಬಾಯಿಯ ಅಕ್ಕ. ಸಾವಿನ ಮನೆಯಲ್ಲೂ ಲಗ್ನದ ಮನೆಯಲ್ಲೂ ಒಂದೇ ಮುಖ. ಅವಳು ನಗುವುದು ಜಗತ್ತಿನಲ್ಲಿ ಒಂದೇ ಒಂದು ಸಿನೆಮಾಕ್ಕೆ, ಅದು ಯಾವುದೆಂದು ಎಲ್ಲರಿಗೂ ಗೊತ್ತಿತ್ತು.

ಮಾರನೆಯ ದಿನವೇ ಜಯಮಾಲಾ ಹುಮನಾಬಾದಕ್ಕೆ, ಕಾಲೇಜಿನ ಗೆಳತಿ ಸೈಮಾಳಿಗೆ ಫೋನು ಹಚ್ಚಿದಳು. ಸೈಮಾ ಅಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು. ಮಕ್ಕಳನ್ನು ಸುಮ್ಮನಿರಿಸಲು ಬೇಕಾಗುವ ಸಿನೆಮಾಗಳೆಲ್ಲ ಅವಳಿಗೆ ಬಾಯಿಪಾಠ.

“ಮಳಿಗಿ ಅಂಜೂ ಆನಿಮರೀದು ತಗೋ. ಆಮ್ಯಾಲ ಒಂದೇ ಎಮ್ಮಿ ಮೂರು ಮಂದಿಗಿ ಮಾರೂ ಅಣ್ಣತಮ್ಮರ್ದು. ನಾಯಿ ಡಾಕ್ಟರ್ ಆಗೂದು ಅದ, ನಮ್ಮ ಸಾಲ್ಯಾಗ ಬಿದ್ದು ಬಿದ್ದು ನಗ್ತಾವ.”

“ಆನಿಮರಿ ಕೆಸರಾಗ ಜಾರಿ ಬಿದ್ದಾಗ ಉಳದ ಪ್ರಾಣಿ ನಗ್ತಾವೇನು?”

“ನಗಲ್ದೆ ಏನ ಮಾಡ್ತಾವ?”

“ಹಂಗಿದ್ರ ಬ್ಯಾಡ. ಯಾರೂ ಬೀಳಬಾರದು ಸೈಮಾ. ಯಾರದೂ ಬಟ್ಟಿ ಹರೀಬಾರದು, ತೊಯ್ಯಬಾರದು. ಅಂಥದ್ದು ಹೇಳು.”

“ಅರೆ ಅಲ್ಲಾ! ಅದು ಕಾಮೆಡಿ ಅಲ್ಲ ಜಯಾ, ಪ್ರವಚನ. ನಗಸೂದಕ್ಕ ಯಾರರೆ ಒಬ್ಬರು ಬೀಳಾಕೇ ಬೇಕು.” ಆಮೇಲೆ ಸೈಮಾ ಕೇಳಿದಳು, “ಇಷ್ಟ್ಯಾಕ ಫಿಕರ್ ಮಾಡಾಕತ್ತಿ? ಮನ್ಯಾಗ ಎಲ್ಲಾ ಖೈರಿಯತ್ ಅದ ಇಲ್ಲ?”

“ಅದ,” ಎಂದಳು ಜಯಮಾಲಾ.

ಮಧ್ಯಾಹ್ನಗಳಲ್ಲಿ ಒಬ್ಬಳೇ ಮೇಲೆ ಕೂತು, ದನಿ ಸಣ್ಣದು ಮಾಡಿಕೊಂಡು, ಒಂದೊಂದನ್ನೂ ನೋಡಿದಳು. ಎಲ್ಲಿ ನಗು ಬರುತ್ತದೆ ಎನ್ನುವುದನ್ನಲ್ಲ, ಯಾರ ಮೇಲೆ ಬರುತ್ತದೆ ಎನ್ನುವುದನ್ನು. ಸೈಮಾ ಹೇಳಿದ್ದು ನಿಜವಾಗಿತ್ತು. ಬಣ್ಣಬಣ್ಣದ ಆ ಪ್ರಾಣಿಗಳ ರಾಜ್ಯದಲ್ಲೂ ಯಾರೋ ಒಬ್ಬ ದಪ್ಪಗಿದ್ದ, ಯಾರೋ ಉಗ್ಗುತ್ತಿದ್ದ, ಉಳಿದವರು ಹಲ್ಲು ಕಿರಿಯುತ್ತಿದ್ದರು. ಕೊನೆಗೆ ಅವಳು ತನ್ನದೇ ಒಂದು ನಿಯಮ ಮಾಡಿಕೊಂಡಳು: ಬೀಳುವವನು ಕೋಲು ಹಿಡಿದು ಹೆದರಿಸುವವನೇ ಆಗಿರಬೇಕು. ಹಾಗೆ ಸೋಸಿದ ಮೇಲೆ ಬೆರಳೆಣಿಕೆಯಷ್ಟೇ ಉಳಿದವು. ಅವುಗಳಲ್ಲಿ ಒಂದು ಅವಳನ್ನೇ ನಗಿಸಿತು. ಅದೊಂದು ಕಾರ್ಟೂನು: ಸೊಕ್ಕಿನ ರಾಜನೊಬ್ಬ ಅಂಗಿಯಿಲ್ಲದೆ ತನ್ನ ಅರಮನೆಯ ಹೊರಗೆ ಸಿಕ್ಕಿಕೊಳ್ಳುತ್ತಾನೆ. ಗುಟ್ಟಿನ ಮಾತು ಹೇಳದವರನ್ನು ಒಳಗೆ ಬಿಡಬಾರದೆಂದು ಕಾವಲಿನವರಿಗೆ ಅವನೇ ಅಪ್ಪಣೆ ಕೊಟ್ಟಿರುತ್ತಾನೆ, ಈಗ ಆ ಮಾತನ್ನೇ ಮರೆತಿರುತ್ತಾನೆ. ಬಾಗಿಲಲ್ಲಿ ನಿಂತು ಅವನು ಹೇಳುವ ತಪ್ಪು ಮಾತುಗಳಿಗೆ ಜಯಮಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ನಗುತ್ತಿದ್ದಳು. ಅದೇ ಖುಷಿಯಲ್ಲಿ ಒಂದು ವಿಷಯ ಅವಳ ಎಚ್ಚರದ ಕಣ್ಣಿಗೂ ಬೀಳದೆ ಹೋಯಿತು.

ಐಶ್ವರ್ಯಳನ್ನೂ ಕೇಳಿದಳು. “ಐಶು, ನಿಂಗ್ಯಾವ ಸಿನೆಮಾ ಬೇಕು?”

“ಬಾತುಕೋಳೀದು,” ಎಂದಿತು ಮಗು, ಕೇಳುವುದಕ್ಕೇ ಕಾದಿದ್ದಂತೆ.

ಹುಡುಕಿ ಬಾತುಕೋಳಿಯ ಕಾರ್ಟೂನೊಂದನ್ನು ತಂದು ತೋರಿಸಿದಳು. ಮಗು ಸ್ವಲ್ಪ ನೋಡಿ ತಲೆಯಾಡಿಸಿತು. “ಈ ಬಾತುಕೋಳಿ ಅಲ್ಲ. ಕಾಕಾನ ಮೊಬೈಲ್ದಾಗಿಂದು.” ಸಂಜೆಯ ಅನ್ನವನ್ನು ಐಶ್ವರ್ಯ ತಾಯಿಯ ಕೈಯಲ್ಲಿ ತಿನ್ನುತ್ತಿರಲಿಲ್ಲ. ಶರಣಕುಮಾರ ಮೊಬೈಲು ಹಿಡಿದು ಕೂತರೆ ತಟ್ಟೆ ಖಾಲಿ. ಅದಕ್ಕಾಗಿ ಜಯಮಾಲಾ ಅವನಿಗೆ ಒಳಗೊಳಗೇ ಋಣಿಯಾಗಿದ್ದಳು.

ಐತವಾರ ಸಂಜೆ ಮೇಲಿನ ಕೋಣೆ ತುಂಬಿತು. ಕೊಡಂಬಲದ ನೆಂಟರು, ಅವರ ಮಕ್ಕಳು, ಎಲ್ಲರ ಮುಂದೆ ಕುರ್ಚಿಯಲ್ಲಿ ಹುಮನಾಬಾದದ ದೊಡ್ಡವ್ವ. ಜಯಮಾಲಾ ಅವಲಕ್ಕಿ ಚೂಡಾ ತುಂಬಿದ ತಟ್ಟೆಗಳನ್ನು ಹಂಚಿ, ಬಾಗಿಲ ಬಳಿ, ಪರದೆಯನ್ನಲ್ಲ, ದೊಡ್ಡವ್ವನ ಮುಖವನ್ನು ನೋಡುತ್ತ ನಿಂತಳು.

ರಾಜನ ಸಿನೆಮಾ ಶುರುವಾಯಿತು. ಮೊದಲು ಮಕ್ಕಳು ನಕ್ಕರು. ಆಮೇಲೆ ಕೊಡಂಬಲದವರು. ರಾಜ ತನ್ನ ಕಿರೀಟವನ್ನೇ ಲಂಚ ಕೊಡಲು ಹೋದಾಗ ಮೀರಾಬಾಯಿ ಪಕ್ಕದವಳ ತೊಡೆಗೆ ಹೊಡೆದಳು. ದೊಡ್ಡವ್ವ ಕಲ್ಲಿನಂತೆ ಕೂತಿದ್ದಳು. ರಾಜ ಬಾಗಿಲಿಗೆ ಹಣೆ ಹಚ್ಚಿ, ಒಂದೊಂದೇ ಮಾತು ಹೇಳತೊಡಗಿದ. ತಪ್ಪು. ಮತ್ತೆ ತಪ್ಪು. ದೊಡ್ಡವ್ವನ ಗದ್ದ ನಡುಗಿತು. ಇನ್ನೊಂದು ತಪ್ಪು, ಅವಳ ಹೊಟ್ಟೆ ಕುಲುಕಿತು, ಕಣ್ಣಲ್ಲಿ ನೀರು ಬಂತು. “ಯವ್ವಾ, ಸಾಕ್ರೋ!” ಎಂದು ಚೀರಿದಳು.

ಜಯಮಾಲಾ ಗೆದ್ದಿದ್ದಳು.

ದೊಡ್ಡವ್ವ ಕಣ್ಣೊರೆಸುತ್ತ ಹಿಂದೆ ತಿರುಗಿದಳು. “ಮೀರಾ, ಈ ರಾಜಾ ಥೇಟ್ ನಿನ್ನ ಸೊಸಿನಂಗೇ ನಿಂತಾನಲ್ಲೇ! ಬಾಗಲಾಗ, ಹೆಸರ ಬರವಲ್ದಕ್ಕ!”

ಕೋಣೆಗೆ ಕೋಣೆಯೇ ಸಿಡಿಯಿತು. ಜಯಮಾಲಾಳ ಕಣ್ಣಿಗೆ ಬೀಳದೆ ಹೋದದ್ದು ಇದೇ. ಬಾಗಿಲಲ್ಲೇ ತಡೆಯಲ್ಪಟ್ಟವನ ಕಥೆಯನ್ನು ಅವಳೇ ಹುಡುಕಿ ತಂದು ಇವರ ಮುಂದೆ ಇಟ್ಟಿದ್ದಳು.

ಆ ಗದ್ದಲದ ನಡುವೆ ಐಶ್ವರ್ಯ ಎದ್ದು ನಿಂತು ಕೂಗಿದಳು. “ಕಾಕಾ, ಬಾತುಕೋಳೀದು ಹಚ್ಚು! ಮಮ್ಮಿ ಸುಸು ಮಾಡೂದು ಹಚ್ಚು!”

ಜಯಮಾಲಾಳಿಗೆ ಈಗ ತಿಳಿಯಿತು. ಸಂಜೆಯ ಅನ್ನ, ಖಾಲಿಯಾಗುವ ತಟ್ಟೆ, ಕಾಕಾನ ಮೊಬೈಲು. ಒಂದೊಂದು ತುತ್ತಿಗೂ ಮಗಳು ಆ ಹೊಸ್ತಿಲ ವಿಡಿಯೋವನ್ನೇ ನೋಡುತ್ತಿದ್ದಳು.

ಶರಣಕುಮಾರ ಎರಡೂ ಕೈ ಎತ್ತಿದ. “ಶರ್ತು ಅಂದ್ರ ಶರ್ತು. ವೈನಿ ಗೆದ್ದಾರ. ದೊಡ್ಡವ್ವ ನಕ್ಕಾಳ. ನೋಡ್ರಿ ಎಲ್ಲಾರೂ.” ಕಂಪ್ಯೂಟರಿನದನ್ನು ಪರದೆಯ ಮೇಲೆ ತೋರಿಸಿ ಅಳಿಸಿದ. ಮೊಬೈಲು ಎತ್ತಿ ಹಿಡಿದು ಅಲ್ಲಿಯದನ್ನೂ ಅಳಿಸಿದ. “ಹೋತು. ಐಶು, ನಿಮ್ಮ ಮಮ್ಮಿ ಬಾತುಕೋಳೀನ ಕೊಂದ್ಳು.”

ಮಗು ಮೊದಲು ಅವನನ್ನು ನೋಡಿತು, ಆಮೇಲೆ ತಾಯಿಯನ್ನು. ನೆಲಕ್ಕೆ ಬಿದ್ದು ಹೊರಳಿತು. ಉಸಿರು ಹಿಡಿದು ಅತ್ತಿತು, ಮುಖ ನೀಲಿಯಾಗುವಷ್ಟು. ಎತ್ತಿಕೊಳ್ಳಲು ಹೋದ ಜಯಮಾಲಾಳ ಕೆನ್ನೆಗೆ ಹೊಡೆಯಿತು. “ನೀ ಬ್ಯಾಡ! ನೀ ಹೋಗು!”

“ಕೂಸಿನ ನಗಿ ಕಸ್ಕೊಂಡು ಏನ್ ಸಿಕ್ತವಾ ನಿಂಗ?” ಎಂದಳು ಮೀರಾಬಾಯಿ.

“ಒಂದು ವಿಡಿಯೋ ಸಲುವಾಗಿ ಇಷ್ಟು ರಾಮಾಯಣ,” ಎಂದ ಗುರುಶಾಂತ. ಆ ಸಂಜೆ ಅವನು ಆಡಿದ ಮಾತು ಅದೊಂದೇ.

ಶರಣಕುಮಾರ ಗಲ್ಲ ಕೆರೆದುಕೊಂಡ. “ನನ್ನ ಬಲ್ಲಿ ಈಗ ಇಲ್ಲ. ಆಣಿ ಮಾಡೀನಿ. ದೊಡ್ಡವ್ವನ ಮೊಬೈಲ್ದಾಗ ಅದ. ಅಲ್ಲಾ, ಎಲ್ಲಾರ ಮೊಬೈಲ್ದಾಗೂ ಅದ. ಆದ್ರ ನಾ ಹ್ಯಾಂಗ ಹಚ್ಲಿ? ಬೇಕಂದ್ರ ವೈನಿನೇ ಕೇಳಬೇಕು.”

ದೊಡ್ಡವ್ವ ಸೆರಗಿನ ಗಂಟಿನಿಂದ ಮೊಬೈಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. “ಸುಮ್ಮ ಕೇಳಿದ್ರ ಕೊಡಾಂಗಿಲ್ಲ. ಅವತ್ತ ಅರ್ಧಕ್ಕ ಬಿಟ್ಟೀಯಲ್ಲ, ಇವತ್ತ ಪೂರಾ ಹೇಳು. ಹೆಸರ ಹೇಳಿ ಕೇಳು.”

“ಹೆಸರು! ಹೆಸರು!” ಎಂದು ಹೆಂಗಸರು ಚಪ್ಪಾಳೆ ಹಾಕಿದರು. ಐಶ್ವರ್ಯ ಬಿಕ್ಕುತ್ತ ಎದ್ದು ಕೂತಳು. ಮೂಗು ಸೋರುತ್ತಿತ್ತು. ಎರಡೂ ಕೈ ಜೋಡಿಸಿದಳು. “ಹೇಳು ಮಮ್ಮಿ.”

ಶರಣಕುಮಾರ ಮೊಬೈಲಿನ ದೀಪ ಹಚ್ಚಿ, ವಿಡಿಯೋ ತೆಗೆಯಲು ಅವಳತ್ತ ಹಿಡಿದ. “ಭಾಗ ಎರಡು,” ಎಂದ ಮೆಲ್ಲಗೆ.

ಜಯಮಾಲಾ ಸೆರಗು ಸರಿ ಮಾಡಿಕೊಂಡಳು. ಕೊನೆಯ ಸಾಲಿನವರಿಗೂ ಕೇಳುವಂತೆ, ಅಕ್ಷರ ಅಕ್ಷರ ಬಿಡಿಸಿ ಹೇಳಿದಳು:

“ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ,
ಗುರುಶಾಂತರ ಮನಿಗಿ ಬಂದೀನಿ ನಗುನಗುತ ಬಾಳಾಕ.”

“ಈಗ ಬಂತ ನೋಡು ಬಾಯಿ!” ದೊಡ್ಡವ್ವ ಮೊಬೈಲು ಚಾಚಿದಳು, ಶರಣಕುಮಾರ ಅದನ್ನು ಪರದೆಗೆ ಜೋಡಿಸಿದ.

ಪರದೆಯ ಮೇಲೆ ಹೊಸ್ತಿಲು ಬಂತು. ಸೇರು ಬಂತು. ಮದರಂಗಿಯ ಎರಡು ಪಾದಗಳು ಬಂದವು, ಒಂದೊಂದು ಬೆರಳೂ ಕೈಯಷ್ಟು ದೊಡ್ಡದು. ಐಶ್ವರ್ಯ ತಾಯಿಯನ್ನು ಎಳೆದು ಕೂರಿಸಿ, ತೊಡೆಯೇರಿ ಕೂತು, ತೊಯ್ದ ಬೆರಳುಗಳಿಂದ ಅವಳ ಗದ್ದ ಹಿಡಿದು ಪರದೆಯ ಕಡೆ ತಿರುಗಿಸಿದಳು. ಅಡಿಗೆಮನೆಯ ನಲ್ಲಿ ಬಹಳ ದೂರವಿತ್ತು.

“ನೋಡು ಮಮ್ಮಿ, ಈಗ ಬರ್ತದ.”

ನಿರಿಗೆ ಕಪ್ಪಾಯಿತು. ಕಲ್ಲಿನ ಮೇಲೆ ನೀರು ಹರಿಯಿತು. ಆ ನೀರಿನ ಮೇಲೆ ಹಳದಿ ಬಣ್ಣದ ಬಾತುಕೋಳಿಯೊಂದು ತಲೆಯ ಮೇಲೆ ಸಣ್ಣ ಕೊಡೆ ಹಿಡಿದುಕೊಂಡು, ಅವಳ ಪಾದಗಳ ನಡುವೆ ಈಜುತ್ತ ಬಂತು. ಶರಣಕುಮಾರ ಬಹಳ ಕಾಳಜಿಯಿಂದ ಮಾಡಿದ್ದ. ನೀರಿನಲ್ಲಿ ಅದರ ನೆರಳೂ ಇತ್ತು. ಐಶ್ವರ್ಯ ಅದರ ಜೊತೆಗೇ, ತಾಳ ತಪ್ಪದೆ, ಕ್ವಾಕ್ ಕ್ವಾಕ್ ಎಂದಳು. ಆಮೇಲೆ ತಾಯಿಯ ಮುಖವನ್ನೇ ದಿಟ್ಟಿಸಿದಳು.

“ನೀ ಯಾಕ ನಗವಲ್ಲಿ?”

ಜಯಮಾಲಾ ನಕ್ಕಳು. ಬಾತುಕೋಳಿ ಮತ್ತೊಮ್ಮೆ ತಿರುಗಿ ಬರುವಾಗ, ಎಲ್ಲರಿಗಿಂತ ಒಂದು ಕ್ಷಣ ಮೊದಲೇ ನಕ್ಕಳು.