ನಾಲ್ಕು ಬಿರಡೆ

"ಅಣ್ಣಾ, ಇದನ್ನ ಹಿಡಕೊ. ಸೀರಿ ಉಟ್ಕೊಂಡು ಬರ್ತೀನಿ," ಎಂದು ಸ್ನೇಹಲ ಗಿಟಾರನ್ನು ಅಮೋಲನ ಕೈಗೆ ಕೊಟ್ಟು ಒಳಗೆ ಹೋದಳು. ಅಕ್ಕಲಕೋಟದ ಮಂಗಲ ಕಾರ್ಯಾಲಯದಲ್ಲಿ ಅಂದು ಚಿಕ್ಕಪ್ಪನ ಮಗಳು ದೀಪಾಲಿಯ ಸಾಖರಪುಡಾ, ಅಂದರೆ ನಿಶ್ಚಿತಾರ್ಥ. ಉಂಗುರ ತೊಡಿಸಿದ ಮೇಲೆ ಸ್ನೇಹಲ ಗಿಟಾರು ನುಡಿಸುತ್ತ ಒಂದು ಹಾಡು ಹೇಳಬೇಕೆಂದು ಮೊದಲೇ ಮಾತಾಗಿತ್ತು.

ಗಿಟಾರು ಅಮೋಲನದೇ. ಸೊಲ್ಲಾಪುರದ ಆರ್ಕೆಸ್ಟ್ರಾ ಒಂದರಲ್ಲಿ ಅವನು ಬಾರಿಸುತ್ತಿದ್ದ. ಹೊಸದು ಕೊಂಡಾಗ ಇದನ್ನು ಮೈಂದರ್ಗಿಯ ಮನೆಯ ಅಟ್ಟಕ್ಕೆ ಹಾಕಿದ್ದ. ತಂಗಿಯ ಎಡಗೈಯಲ್ಲಿ ಇದ್ದದ್ದು ಹೆಬ್ಬೆರಳು, ತೋರುಬೆರಳು ಎರಡೇ. ಉಳಿದ ಮೂರು ಅವಳ ಹನ್ನೊಂದನೆಯ ವಯಸ್ಸಿನಲ್ಲಿ ದನಗಳ ಮೇವಿನ ಕಣಕಿ ಕತ್ತರಿಸುವ ಮಷೀನಿಗೆ ಸಿಕ್ಕು ಹೋಗಿದ್ದವು. ಇಷ್ಟರಲ್ಲಿ ಹಲವು ಸ್ವರ ಒಟ್ಟಿಗೆ ನುಡಿಸುವ ಕಾರ್ಡ್ ಹಿಡಿಯಲಾಗದು ಎಂದು ಅಮೋಲ ಹೇಳಿಬಿಟ್ಟಿದ್ದ. ಅವಳು ಗಿಟಾರನ್ನು ಅಟ್ಟದಿಂದ ಇಳಿಸಿಕೊಂಡು, ಮೊಬೈಲಿನಲ್ಲಿ ಹುಡುಕಿ ಬೇರೆ ದಾರಿ ಕಂಡುಕೊಂಡಳು. ನಾಲ್ಕು ತಂತಿಗಳನ್ನು ಕೊಂಚ ಇಳಿಸಿದರೆ, ಏನನ್ನೂ ಒತ್ತದೆ ಮೀಟಿದರೂ ಆರೂ ಕೂಡಿ ಒಂದು ಕಾರ್ಡ್ ಆಗುತ್ತದೆ. ಒಂದೇ ಬೆರಳನ್ನು ಅಡ್ಡ ಇಟ್ಟು ಸರಿಸಿದರೆ ಉಳಿದವೂ ಬರುತ್ತವೆ. ಮೊದಲ ಸಲ ಅದನ್ನು ಕೇಳಿದ ದಿನ ಅಮೋಲ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಅವನ ಕೈಯಲ್ಲಿ ಆ ಗಿಟಾರು ಎಂದೂ ಅಷ್ಟು ತುಂಬಿ ನುಡಿದಿರಲಿಲ್ಲ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಅವಳು ನುಡಿಸಿ ಮುಗಿಸಿದಾಗಲೆಲ್ಲ ಯಾರಾದರೂ ಕೈ ಹಿಡಿದು, "ಬೆರಳಿಗೆ ಏನಾತವ್ವಾ?" ಎಂದು ಕೇಳುತ್ತಿದ್ದರು.

"ನಾ ಕಣಕಿ ಹಾಕಾಕತ್ತಿದ್ದೆ. ಅಣ್ಣ ನೋಡ್ಲಾರದ ಬಟನ್ ಒತ್ತಿದಾ," ಎನ್ನುತ್ತಿದ್ದಳು ಸ್ನೇಹಲ. ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ. ಕೇಳಿದವರು ಮಾತ್ರ ತಿರುಗಿ ಅಮೋಲನನ್ನು ನೋಡುತ್ತಿದ್ದರು.

ಇಂದು ಮುಂದಿನ ಸಾಲಿನಲ್ಲಿ ಹುಲಜಂತಿ ಊರಿನವರು ಕೂತಿದ್ದರು. ಅವರ ಮಗಳನ್ನು ಅಮೋಲನಿಗೆ ಕೊಡುವ ಮಾತು ನಡೆದಿತ್ತು. ಮಷೀನಿನ ಸಂಗತಿ ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಅಮೋಲ ಗೋಡೆಯ ಕಡೆ ತಿರುಗಿ ನಾಲ್ಕು ಬಿರಡೆಗಳನ್ನು ತಿರುವಿ, ಅವಳು ಇಳಿಸಿದ್ದ ತಂತಿಗಳನ್ನು ಮಾಮೂಲಿ ಸುರಕ್ಕೆ ಏರಿಸಿದ. ರೂಢಿಯಾದ ಕಿವಿ, ಒಂದು ನಿಮಿಷವೂ ಹಿಡಿಯಲಿಲ್ಲ.

ಸ್ನೇಹಲ ಹಸಿರು ಸೀರೆಯಲ್ಲಿ ಬಂದಳು. "ಸುರ ನೋಡಿದೇನು?"

"ನೋಡೀನಿ. ಛಂದ ಐತಿ."

ಅವಳು ವೇದಿಕೆಯ ಮೇಲೆ ಕೂತು ಹಾಡೆತ್ತಿ ಮೀಟಿದಳು. ಹಾಡು ಒಂದು ಕಡೆ ಹೋಯಿತು, ತಂತಿಗಳು ಇನ್ನೊಂದು ಕಡೆ. ಬೆರಳು ಜಾರಿತೆಂದುಕೊಂಡು ಮತ್ತೆ ಒತ್ತಿ ಇಟ್ಟಳು. ಇನ್ನೂ ಕೆಟ್ಟದಾಗಿ ಕೇಳಿಸಿತು. ಹಿಂದೆ ಯಾರೋ ನಕ್ಕರು. "ಬಿಡವ್ವಾ, ಪಾಪ. ಎರಡ ಬೆರಳಿಲೆ ಎಷ್ಟಂತ ಬಾರಿಸ್ತಿ," ಎಂದಳು ಸೋದರತ್ತೆ ಸುಗಲಾಬಾಯಿ, ಎಲ್ಲರಿಗೂ ಕೇಳುವಂತೆ.

ಸ್ನೇಹಲ ಹಾಡು ನಿಲ್ಲಿಸಿ, ತಲೆ ಬಗ್ಗಿಸಿ, ಒಂದೊಂದೇ ತಂತಿ ಮೀಟಿ ನೋಡಿದಳು. ಅವಳು ಇಳಿಸಿದ್ದ ನಾಲ್ಕೂ ಮೇಲೇರಿದ್ದವು. ಆಮೇಲೆ ತಲೆಯೆತ್ತಿ ಅಮೋಲನನ್ನು ನೋಡಿದಳು.

"ಅಮೋಲ, ಹೋಗೋ. ನೀನರ ಬಾರಿಸು. ಬೀಗರು ಕುಂತಾರ," ಎಂದ ಅಪ್ಪ ಶಿವಶರಣಪ್ಪ.

ಅಮೋಲ ಮೇಲೆ ಹೋದ. ಅವಳು ಗಿಟಾರು ಬಿಡಲಿಲ್ಲ. "ಎರಡ ಮಿಂಟು ಕೊಡು, ಅಣ್ಣಾ. ಇಳಿಸ್ಕೋತೀನಿ," ಎಂದಳು, ಅವನಿಗಷ್ಟೇ ಕೇಳುವಂತೆ.

"ಮಂದಿ ಕಾಯಾಕತ್ಯಾರ. ಇದಕ್ಕ ಮೈಕ್ ಹಿಡಿ," ಎಂದು ಅಮೋಲ ಗಿಟಾರನ್ನು ಅವಳ ಕೈಯಿಂದ ತೆಗೆದುಕೊಂಡು ಕೂತ.

ತಂತಿಗಳು ಅವನ ಬೆರಳಿಗೆ ಸರಿಯಾಗಿಯೇ ಇದ್ದವು. ಹಾಡಿನ ಧಾಟಿಯ ಎರಡನೆಯ ಸಾಲಿಗೇ ಜನ ಚಪ್ಪಾಳೆ ಹಾಕತೊಡಗಿದರು. ಹುಲಜಂತಿಯ ಹಿರಿಯರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ತಲೆದೂಗಿದರು. ಅವ್ವ ಇಂದೂಬಾಯಿ ಮಗನಿಗೆ ಕೂತಲ್ಲಿಂದಲೇ ದೃಷ್ಟಿ ತೆಗೆದಳು.

ಸ್ನೇಹಲ ಬಲಗೈಯಲ್ಲಿ ಗಿಟಾರಿಗೆ ಮೈಕು ಹಿಡಿದು ಅಣ್ಣನ ಪಕ್ಕ ಬಗ್ಗಿ ನಿಂತಿದ್ದಳು. ಎಡಗೈ ಸೆರಗಿನೊಳಗಿತ್ತು. ನಡುವೆ ಅಮೋಲ ಗದ್ದ ಅಲುಗಿಸಿ ಇನ್ನೂ ಹತ್ತಿರ ಎಂದು ಸನ್ನೆ ಮಾಡಿದ. ಅವಳು ಹತ್ತಿರ ಹಿಡಿದಳು.