ಕೊಟ್ರಬಸಮ್ಮನವರ ಮಿಲಿಟರಿ ಲಾರಿ

ಮಿಲಿಟರಿಯವರು ಹರಾಜು ಹಾಕಿದ ಹಳೇ ಲಾರಿಗಳೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಈ ಮೆಕ್ಯಾನಿಕ್ ಗಾಳೆಪ್ಪ ಕೈಯಿಟ್ಟ ಗಾಡಿ ನಡುದಾರಿಯಲ್ಲಿ ನಿಂತದ್ದಿಲ್ಲ ಎಂದು ಚಿತ್ತವಾಡ್ಗಿಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಯಾರೂ ಹೇಳದಿದ್ದರೆ ನಾನೇ ಹೇಳುತ್ತೇನೆ. ಕೊಟ್ರಬಸಮ್ಮನವರ ಶಕ್ತಿಮಾನ್ ಲಾರಿ ಒಂದು ಬಿಟ್ಟು.

ಅವರದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಕೆಸರು ಗದ್ದೆಯಿಂದ ಭತ್ತ ತರಲು ನಾಲ್ಕೂ ಗಾಲಿ ಎಳೆಯುವ ಲಾರಿಯೇ ಬೇಕೆಂದು ಒಪ್ಪಿಸಿ, ಅದನ್ನು ಕೊಡಿಸಿದವನು ನಾನೇ. ಹೊಸ ಬ್ರೇಕು ಕೂಡಿಸಿದೆ, ಸ್ಟೇರಿಂಗು ಹಗುರ ಮಾಡಿದೆ, ಟಾರ್ಪಾಲು ಕಿತ್ತು ಹಿಂದೆ ಕಬ್ಬಿಣದ ಬಾಡಿ ಕಟ್ಟಿದೆ. ಮಿಲಿಟರಿ ಹಸಿರು ನಾವು ಹಚ್ಚುವಂತಿಲ್ಲವಲ್ಲ, ಅರಿಶಿನ ಬಣ್ಣ ಹೊಡೆದೆ. ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಮೀಸೆ ತೀಡಬಹುದಿತ್ತು.

ಲಾರಿ ಒಯ್ಯಲು ಬಂದ ದಿನ ಅಮ್ಮನವರು ವಿಭೂತಿ ಕಲಸಿಕೊಂಡು ಬಾನೆಟ್ಟಿನ ಕಡೆ ಕೈ ಚಾಚಿದರು. ನನ್ನ ಜೀವ ಬಾಯಿಗೆ ಬಂತು.

“ಅಮ್ಮಾ, ಅಲ್ಲಿ ಬ್ಯಾಡ್ರಿ! ಬಣ್ಣ ಇನ್ನಾ ಹಸಿ ಐತಿ. ಈ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕ ಹಚ್ರಿ.”

ಬಣ್ಣ ಒಣಗಿ ನಾಲ್ಕು ದಿನವಾಗಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಮುಚ್ಚಳಕ್ಕೆ ವಿಭೂತಿ. ಎರಡು ತಿಂಗಳಾದ ಮೇಲೆ ಲಾರಿ ಹತ್ತು ಹನ್ನೆರಡು ಕಿಲೋಮೀಟರ್ ಓಡಿ ನಿಂತುಬಿಡತೊಡಗಿತು. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ನಾನು ಫಿಲ್ಟರ್ ಬದಲಿಸಿದೆ, ಪಂಪು ಬಿಚ್ಚಿದೆ, ಪೈಪು ಊದಿದೆ. ನಿಂತಾಗಲೆಲ್ಲ ಅಮ್ಮನವರು ವಿಭೂತಿಯನ್ನು ಇನ್ನಷ್ಟು ದಪ್ಪಗೆ ಹಚ್ಚಿದರು. ಇಬ್ಬರ ಶ್ರದ್ಧೆಯಲ್ಲೂ ಕೊರತೆ ಇರಲಿಲ್ಲ.

ಅವರ ಮಗ ಈಶ್ವರ್‌ಗೆ ಸಾಕಾಯಿತು. ಲಾರಿ ನನ್ನ ಶೆಡ್ಡಿನಲ್ಲಿ ರಿಪೇರಿಗೆ ನಿಂತಿದ್ದಾಗ ಫೋನು ಮಾಡಿದ. “ಗಾಳೆಪ್ಪಣ್ಣ, ನಾಳೆ ಹನ್ನೆರಡಕ್ಕ ಗುಜರಿಯವ ಗಿರಣಿಗೆ ಬರ್ತಾನ. ಅಷ್ಟರೊಳಗ ಲಾರಿ ತಾನಾಗೇ ಓಡಿ ಬಂದ್ರ ಇಟ್ಕೊಂತೀನಿ. ಇಲ್ಲಾಂದ್ರ ಇಲ್ಲ.”

ಆ ರಾತ್ರಿ ಊಟ ಸೇರಲಿಲ್ಲ. ಅಂಥ ಲಾರಿಯನ್ನು ತುಂಡು ತುಂಡಾಗಿ ಕತ್ತರಿಸುವುದೆಂದರೆ ನನಗೆ ತಡೆಯಲಾಗದು.

ಮರುದಿನ ಅಮ್ಮನವರೇ ಶೆಡ್ಡಿಗೆ ಬಂದು ಮುಚ್ಚಳಕ್ಕೆ ವಿಭೂತಿ ಬಳಿದು, ನನ್ನ ಪಕ್ಕ ಹತ್ತಿ ಕುಳಿತರು. ಕಮಲಾಪುರ ದಾಟಿ ಬಾಳೆ ತೋಟಗಳ ಹತ್ತಿರ ಬಂದೆವೋ ಇಲ್ಲವೋ, ಲಾರಿ ಎರಡು ಸಲ ಮುಗ್ಗರಿಸಿ ನಿಂತಿತು. ಹನ್ನೊಂದು ಗಂಟೆ. ಅಮ್ಮನವರು ಇಳಿದು ವಿಭೂತಿಯ ಡಬ್ಬಿ ತೆಗೆದರು.

“ತಡೀರಿ ಅಮ್ಮಾ, ಡೀಸೆಲ್ ಎಷ್ಟೈತಿ ನೋಡ್ತೀನಿ.”

ಮುಚ್ಚಳ ತಿರುವಿದೆ. ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಮುಚ್ಚಳವನ್ನು ಬೆಳಕಿಗೆ ಹಿಡಿದೆ. ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ತೂತೊಂದಿರುತ್ತದೆ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಗೆ ಬರಬೇಕಲ್ಲ, ಇಲ್ಲದಿದ್ದರೆ ಎಂಜಿನ್ನಿಗೆ ಡೀಸೆಲ್ ಹೋಗುವುದಿಲ್ಲ. ಆ ತೂತಿನಲ್ಲಿ ಎರಡು ತಿಂಗಳ ವಿಭೂತಿ ಗಾರೆಯಂತೆ ಕೂತಿತ್ತು.

“ಅಮ್ಮಾ, ಸೆರಗಿನ ಪಿನ್ನು ಕೊಡ್ರಿ.”

“ಯಾಕೋ?”

“ತಪ್ಪು ನಂದು. ಅವತ್ತು ಬಣ್ಣ ಹಸಿ ಇದ್ದಿಲ್ರಿ. ಹೊಳಪು ಹಾಳಾಗ್ತೈತಂತ ಸುಳ್ಳು ಹೇಳಿದ್ದೆ. ಲಾರಿ ಮೂಗು ನಾವಿಬ್ರೂ ಸೇರಿ ಮುಚ್ಚೀವಿ.”

ಅಮ್ಮನವರು ನನ್ನನ್ನು ಒಂದು ಸಲ ನೋಡಿದರು. ಮುಚ್ಚಳವನ್ನು ಒಂದು ಸಲ ನೋಡಿದರು. ಪಿನ್ನು ಬಿಚ್ಚಿ ಕೊಟ್ಟರು.

ಪಿನ್ನಿನಿಂದ ತೂತು ಬಿಡಿಸಿದ ಮೇಲೆ ಲಾರಿ ಓಡಿದ್ದನ್ನು ನೀವು ನೋಡಬೇಕಿತ್ತು! ನಾನು ಗಂಟಲು ಕಿತ್ತುಹೋಗುವಂತೆ ಹಾಡಿದೆ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಗಿರಣಿಯ ಗೇಟಿನಲ್ಲಿ ಹಾರ್ನ್ ಹೊಡೆದೆ. ಈಶ್ವರ್ ನಗುತ್ತಾ ಗುಜರಿಯವನಿಗೆ ಫೋನು ಹಚ್ಚಿ ಬರಬೇಡವೆಂದ.

“ಬಾನೆಟ್ಟಿಗೇ ಹಚ್ರಿ ಅಮ್ಮಾ, ದಪ್ಪಗ,” ಎಂದೆ.

ಅಮ್ಮನವರು ಬಾನೆಟ್ಟಿನ ಈ ತುದಿಯಿಂದ ಆ ತುದಿಗೆ ಮೂರು ಬೆರಳು ಎಳೆದರು. ಕೈಯಲ್ಲಿ ಇನ್ನೂ ವಿಭೂತಿ ಉಳಿದಿತ್ತು. ನನ್ನ ಕಡೆ ತಿರುಗಿ, ನನ್ನ ಬೋಳು ತಲೆಯ ತುಂಬ ಬಳಿದು ಕೇಳಿದರು:

“ಇಲ್ಲಿ ಬಣ್ಣ ಒಣಗೇತೇನಪ್ಪಾ?”